ಮಲಗಿ ನೋಡಿ ಮೇಡಂ

ಹಗಲು ಹನ್ನೊಂದು ಗಂಟೆಗೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಗುರುತು ಪರಿಚಯ ಇಲ್ಲದ ನಾಲ್ಕು ಜನರ ಎದುರು ಗಂಡನ ಪಕ್ಕ ಮಲಗಿ ತೋರಿಸಬೇಕಾದ ವ್ಯಾಪಾರ ಲೋಕದಲ್ಲಿ ಒಂದೇ ಒಂದು: ಹಾಸಿಗೆ ಕೊಳ್ಳುವುದು. ಸೀರೆಯನ್ನು ಹೆಗಲ ಮೇಲೆ ಹೊದ್ದು ನೋಡಿದರೆ ಆಯಿತು, ಮಾವಿನಹಣ್ಣನ್ನು ಮೂಸಿದರೆ ಆಯಿತು, ಬಂಗಾರವನ್ನು ಅಂಗಡಿಯವನೇ ತಿಕ್ಕಿ ತೋರಿಸುತ್ತಾನೆ. ಹಾಸಿಗೆಗೆ ಮಾತ್ರ ಬೇರೆ ದಾರಿಯಿಲ್ಲ. "ಮಲಗಿ ನೋಡಿ ಮೇಡಂ, ಸಂಕೋಚ ಬೇಡ" ಎನ್ನುತ್ತಾನೆ ಅಂಗಡಿಯ ಹುಡುಗ. ಹೇಳಲಿಕ್ಕೆ ಅವನಿಗೇನು, ನಿಂತುಕೊಂಡಿದ್ದಾನೆ. ನಾನು ಸೆರಗು ಬಿಗಿಮಾಡಿ, ಬ್ಯಾಗನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಎರಡೂ ಕಾಲು ಜೋಡಿಸಿ ನೆಟ್ಟಗೆ ಮಲಗಿದೆ. ಎದುರಿನ ಕುರ್ಚಿಯಲ್ಲಿ ಕೂತಿದ್ದ ಅತ್ತೆ, "ಹಾಗೆಲ್ಲ ಮಲಗಬೇಡ್ವೇ, ನೋಡಕ್ಕಾಗಲ್ಲ" ಎಂದು ಮುಖ ಆ ಕಡೆ ತಿರುಗಿಸಿದರು.

ಇವರಿಗೆ ಅಂಥ ತೊಂದರೆಯೇನೂ ಇಲ್ಲ. ಬೂಟು ಹಾಕಿದ ಕಾಲನ್ನು ಹಾಸಿಗೆಯಿಂದ ಆಚೆ ಬಿಟ್ಟು ಒರಗಿದವರು ಒಂದು ನಿಮಿಷಕ್ಕೆ ಗೊರಕೆ ಶುರು ಮಾಡಿದರು. "ನೋಡಿ ಮೇಡಂ, ಸರ್‌ಗೆ ಆಗಲೇ ಸೆಟ್ ಆಯ್ತು!" ಹುಡುಗನ ಮುಖ ಅರಳಿತು. ಪಾಪ, ಅವನಿಗೆ ಗೊತ್ತಿಲ್ಲ. ಈ ಮನುಷ್ಯ ಹಬ್ಬದ ಹಿಂದಿನ ದಿನ ಕೆಎಸ್ಸಾರ್ಟಿಸಿ ಬಸ್ಸಿನಲ್ಲಿ ಕಂಬ ಹಿಡಿದು ನಿಂತೇ ಹಾಸನದವರೆಗೆ ನಿದ್ದೆ ಮಾಡಿದವರು. ಇವರ ಗೊರಕೆಯನ್ನು ನಂಬಿ ಯಾವ ಹಾಸಿಗೆಗೂ ಅಂಕ ಕೊಡುವ ಹಾಗಿಲ್ಲ. ಅಂಗಡಿಯಲ್ಲಿ ಅಂಗಾತ ಎರಡು ನಿಮಿಷ ಒರಗಿದರೆ ಯಾವ ಹಾಸಿಗೆಯಾದರೂ ಚೆನ್ನಾಗಿಯೇ ಇರುತ್ತದೆ. ಮನೆಯಲ್ಲಿ ಮಲಗುವ ಮಗ್ಗುಲಲ್ಲೇ, ಹೆಗಲಿಗೂ ಸೊಂಟಕ್ಕೂ ಒತ್ತು ಬೀಳುವ ಹಾಗೆ, ಕಾಲು ಗಂಟೆಯಾದರೂ ಮಲಗಬೇಕು. ಅಷ್ಟು ಹೊತ್ತು ಮಲಗಿದರೆ ಅತ್ತೆ ಮನೆಗೆ ಹೊರಟೇಬಿಡುತ್ತಿದ್ದರು.

ನಾವು ಹೊರಟದ್ದು ಮನೆಯಲ್ಲಿದ್ದ ಹಳೆಯ ನಾರಿನ ಹಾಸಿಗೆಯ ದೆಸೆಯಿಂದ. ತೆಂಗಿನ ನಾರನ್ನು ಗುಂಗುರು ಮಾಡಿ, ರಬ್ಬರ್ ಹಾಲು ಸಿಂಪಡಿಸಿ, ಕಾಯಿಸಿ ಒತ್ತಿದರೆ ಆ ಹಾಸಿಗೆಯ ಒಳಗಿನ ಹಲಗೆ ತಯಾರು. ಹೊಸದರಲ್ಲಿ ಗಟ್ಟಿ, ಗಾಳಿಯೂ ಆಡುತ್ತದೆ. ವರ್ಷಗಳು ಉರುಳಿದ ಹಾಗೆ ನಾರು ಪುಡಿಯಾಗಿ, ಭಾರ ಬೀಳುವ ಜಾಗ ತಗ್ಗುತ್ತದೆ. ನಮ್ಮದರ ನಟ್ಟನಡುವೆ ಬಿದ್ದ ಗುಂಡಿಗೆ ದಾಂಪತ್ಯದ ಬಗ್ಗೆ ತನ್ನದೇ ಅಭಿಪ್ರಾಯವಿತ್ತು. ಸಂಜೆ ಎಂಥ ಜಗಳವಾಗಿ, ಆ ಅಂಚಿಗೊಬ್ಬರು ಈ ಅಂಚಿಗೊಬ್ಬರು ಗೋಡೆಗೆ ಮುಖ ಮಾಡಿ ಮಲಗಿದರೂ ಬೆಳಗಿನ ಜಾವಕ್ಕೆ ಇಬ್ಬರೂ ಉರುಳಿ ನಡುವೆ ಬಂದಿರುತ್ತಿದ್ದೆವು. ನಮ್ಮ ಎಷ್ಟೋ ರಾಜಿಗಳನ್ನು ನ್ಯೂಟನ್ ಮಾಡಿಸಿದ್ದಾನೆ. ಆದರೆ ಐವತ್ತು ದಾಟಿದ ಮೇಲೆ ಸೊಂಟ ರಾಜಿಗೆ ಒಪ್ಪಲಿಲ್ಲ. ಮಗುಚಿ ಹಾಕಿದೆವು. ಹಿಂದಿನ ಯಾವುದೋ ವರ್ಷ ಮಗುಚಿದ್ದನ್ನು ಮರೆತಿದ್ದೆವು ಎಂದು ಕಾಣುತ್ತದೆ, ಆ ಕಡೆಯೂ ಗುಂಡಿ ಇತ್ತು.

ನಾನು ಹುಟ್ಟಿ ಬೆಳೆದ ಹಾವೇರಿ ಕಡೆ ಹಾಸಿಗೆಯನ್ನು ಯಾರೂ ಅಂಗಡಿಗೆ ಹೋಗಿ ಕೊಳ್ಳುತ್ತಿರಲಿಲ್ಲ. ಅದು ಮನೆಗೆ ಬಂದು ಹುಟ್ಟುತ್ತಿತ್ತು. ಸುಗ್ಗಿ ಮುಗಿದು ಬಿಸಿಲು ಬಲಿತ ಮೇಲೆ ಓಣಿಯ ತುದಿಯಲ್ಲಿ ತಂತಿ ಮೀಟಿದ ಸದ್ದು ಕೇಳುತ್ತಿತ್ತು. ಹೆಗಲ ಮೇಲೆ ಆಳೆತ್ತರದ ಕಮಾನು ಹೊತ್ತ ಪಿಂಜಾರ ಕಾಕಾ. "ಗಾದಿ ಮಾಡಸೂದೈತೇನ್ರೀ ಯವ್ವಾ?" ಎಂದು ಕೇಳಿದರೆ ಅವ್ವ ಒಮ್ಮೆಲೇ ಹ್ಞೂಂ ಅನ್ನುತ್ತಿರಲಿಲ್ಲ. "ಹೋದ ಸಲ ಮಾಡಿದ್ದು ಆಗಳೇ ಗಂಟಾಗೇತಿ ನೋಡು" ಎಂದು ತಕರಾರು ತೆಗೆದು, ಚಹಾ ಕೊಟ್ಟು, ಮತ್ತೆ ತಕರಾರು ತೆಗೆದು, ಕೂಲಿ ಗೊತ್ತು ಮಾಡುವಷ್ಟರಲ್ಲಿ ನಾವು ಹುಡುಗರು ಪಡಸಾಲೆಯ ಸಾಮಾನೆಲ್ಲ ಒಳಗೆ ಹಾಕಿರುತ್ತಿದ್ದೆವು.

ಆಮೇಲಿನದು ನೋಡುವಂಥದ್ದು. ಹಳೆಯ ಗಾದಿಯ ಹೊಟ್ಟೆ ಬಿಚ್ಚಿ, ಹಲಗೆಗಟ್ಟಿದ ಅರಳೆಯನ್ನು ರಾಶಿ ಹಾಕಿ, ಕಮಾನಿನ ತಂತಿಯನ್ನು ಅದರೊಳಗೆ ಇಳಿಸಿ, ಮರದ ಗುಂಡಿನಿಂದ ಹೊಡೆಯುತ್ತಿದ್ದ. ಟೊಂಯ್ಯ್, ಟೊಂಯ್ಯ್. ತಂತಿ ನಡುಗಿದಾಗೆಲ್ಲ ಒಂದೊಂದು ಗಂಟು ಸಿಡಿದು ಹೂವಾಗಿ ಹಾರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಾಕಾನ ಹುಬ್ಬು, ಗಡ್ಡ, ನಮ್ಮ ಕೂದಲು, ಕಟ್ಟೆಯ ಮೇಲಿನ ತುಳಸಿ ಎಲ್ಲ ಒಂದೇ ವಯಸ್ಸಿನವಾಗಿ ಕಾಣುತ್ತಿದ್ದವು. ನಮ್ಮ ಹೊಲದ್ದು ಜಯಧರ ಹತ್ತಿ. ಎಳೆ ಗಿಡ್ಡ, ಸ್ವಲ್ಪ ಒರಟು, ನಯವಾದ ನೂಲಿಗೆ ಬಾರದ್ದು. ಆದರೆ ಆ ಒರಟುತನದಿಂದಲೇ ಅದು ಗಾದಿಯೊಳಗೆ ಬೇಗ ಅಮರುವುದಿಲ್ಲ. ಪಟ್ಟೆ ಪಟ್ಟೆಯ ಬಟ್ಟೆಗೆ ಅರಳೆ ತುಂಬಿ, ಉದ್ದನೆಯ ಕೋಲಿನಿಂದ ಬಡಿದು ಸಮ ಮಾಡಿ, ದಬ್ಬಣದಲ್ಲಿ ದಪ್ಪ ದಾರ ಪೋಣಿಸಿ ಗೇಣಿಗೊಂದು ಹೊಲಿಗೆ ಹಾಕಿದರೆ ಮುಗಿಯಿತು. ಎರಡು ಮೂರು ವರ್ಷಕ್ಕೆ ಅರಳೆ ಕೂತಿತೋ, ಮತ್ತೆ ಬಿಚ್ಚು, ಮತ್ತೆ ಹಿಂಜು. ಅದೇ ಹತ್ತಿ, ಅದೇ ಕಾಕಾ. ಹಾಸಿಗೆ ಹಳೆಯದಾಯಿತೆಂದು ಹೊರಗೆ ಎಸೆಯಬಹುದು ಎಂಬುದನ್ನು ನಾನು ಬೆಂಗಳೂರಿಗೆ ಬಂದ ಮೇಲೆಯೇ ಕಲಿತದ್ದು.

ಇಂತಿಂಥ ಗಾದಿ ಇಂತಿಂಥವರದು ಎಂದೂ ಇರಲಿಲ್ಲ. ಅಜ್ಜನಿಗೆ ಮಾತ್ರ ಹೊರಸು. ಉಳಿದವರಿಗೆ ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಜಮಖಾನ ಹಾಸಿ ಅದರ ಮೇಲೆ ಸಾಲಾಗಿ ಗಾದಿ. ಬೀಗರು ನಾಲ್ಕು ಜನ ಬಂದರೆ ಹುಡುಗರ ಗಾದಿ ಹೋಗಿ ಕೌದಿ ಬಂತು. ಇನ್ನೂ ನಾಲ್ವರು ಬಂದರೆ ಒಂದು ಕೌದಿಗೆ ಮೂವರು. ನಡುವಿನವಳಿಗೆ ಬೆಚ್ಚಗೆ, ಅಂಚಿನ ಇಬ್ಬರಿಗೆ ರಾತ್ರಿಯಿಡೀ ಜಗ್ಗಾಟ. ಆ ಕೌದಿಯಲ್ಲಿ ಅವ್ವನ ಹಳೆಯ ಇಳಕಲ್ ಸೀರೆಯ ಚೌಕ ಎಲ್ಲಿದೆ, ಅಪ್ಪನ ಅಂಗಿಯ ಚೌಕ ಎಲ್ಲಿದೆ ಎಂದು ಕತ್ತಲಲ್ಲೂ ಕೈಯಾಡಿಸಿ ಹೇಳುತ್ತಿದ್ದೆವು. ಬೆಳಿಗ್ಗೆ ಆರಕ್ಕೆ ಎಲ್ಲ ಸುತ್ತಿ ಮೂಲೆಗೆ ಸೇರಿದರೆ ಮನೆಯಲ್ಲಿ ಯಾರಾದರೂ ಮಲಗಿದ್ದರು ಎಂಬ ಗುರುತೇ ಇರುತ್ತಿರಲಿಲ್ಲ. ಈಗ ಹನ್ನೆರಡು ಅಡಿ ಚಚ್ಚೌಕದ ಕೋಣೆಯಲ್ಲಿ ಮಂಚ ಹಗಲಿಡೀ ಕಾಲು ಚಾಚಿಕೊಂಡಿರುತ್ತದೆ, ನಾವು ಗೋಡೆಗೆ ಅಂಟಿಕೊಂಡು ಅಡ್ಡಗಾಲಲ್ಲಿ ಬೀರುವಿನ ಕಡೆಗೆ ನಡೆಯುತ್ತೇವೆ.

ಮಂಚ ಎಂದರೆ ಅತ್ತೆಯ ಕೋಣೆಯಲ್ಲಿರುವುದೇ ಮಂಚ ಎಂಬುದು ಈ ಮನೆಯ ಕಾನೂನು. ಮಾವನವರು ಊರಲ್ಲಿ ಮಾಡಿಸಿದ ಬೀಟೆಯ ಮಂಚ. ನಾಲ್ಕು ಜನ ಎತ್ತದೆ ಅಲುಗುವುದಿಲ್ಲ. ಬಡಗಿ ಆಯ ನೋಡಿ, ಅಳತೆಗೆ ಅರ್ಧ ಇಂಚು ಕೂಡಿಸಿ ಮಾಡಿದ್ದಂತೆ. ಆ ಅರ್ಧ ಇಂಚಿನಿಂದ ಮಾವನವರಿಗೆ ಆಯುಷ್ಯ ಕೂಡಿತೋ ಇಲ್ಲವೋ, ಅಂಗಡಿಯ ಯಾವ ಸಿದ್ಧ ಹಾಸಿಗೆಯೂ ಅದಕ್ಕೆ ಕೂಡುವುದಿಲ್ಲ. ನಾನು ಇದನ್ನು ಹಾಸ್ಯ ಮಾಡಿದ್ದಕ್ಕೆ ಇವರು ವರಾಹಮಿಹಿರನನ್ನೇ ಸಾಕ್ಷಿಗೆ ಕರೆತಂದರು. ಆರನೆಯ ಶತಮಾನದ ಆ ಜ್ಯೋತಿಷಿ ಬೃಹತ್ಸಂಹಿತೆಯಲ್ಲಿ ಮಂಚ, ಪೀಠಗಳಿಗೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಹೊಟ್ಟು ತೆಗೆದ ಎಂಟು ಜವೆಗೋಧಿ ಕಾಳನ್ನು ಪಕ್ಕಪಕ್ಕ ಇಟ್ಟರೆ ಒಂದು ಅಂಗುಲ. ಅಂಥ 100 ಅಂಗುಲದ ಮಂಚ ರಾಜನಿಗೆ. ರಾಜಕುಮಾರನಿಗೆ 90, ಮಂತ್ರಿಗೆ 84, ಸೇನಾಪತಿಗೆ 78, ಪುರೋಹಿತನಿಗೆ 72. ಅಂಗುಲವೆಂದರೆ ಸುಮಾರು ಮುಕ್ಕಾಲು ಇಂಚು ಎಂದು ಹಿಡಿದರೆ ರಾಜನ ಮಂಚ 75 ಇಂಚು, ಅಂದರೆ ನಮ್ಮ ಬಡಗಿಗಳು ಇವತ್ತಿಗೂ ಹೇಳುವ ಆರೂಕಾಲು ಅಡಿ! ಕಿಂಗ್ ಸೈಜ್ ಎಂಬುದು ಆಗಲೇ ಇತ್ತೆಂದಾಯಿತು. ಪುರೋಹಿತರ ಪಾಲಿಗೆ ಬಂದದ್ದು ನಾಲ್ಕೂವರೆ ಅಡಿ. ಮೊಣಕಾಲು ಮಡಚಿಕೊಂಡು ಮಲಗಿದ್ದರಿಂದಲೇ ಅವರು ಬ್ರಾಹ್ಮೀ ಮುಹೂರ್ತದಲ್ಲಿ ಏಳುತ್ತಿದ್ದರೋ ಏನೋ. ಸಿಡಿಲು ಬಡಿದ ಮರ, ಆನೆ ಉರುಳಿಸಿದ ಮರ, ಜೇನು ಕಟ್ಟಿದ್ದು, ಹಕ್ಕಿ ಗೂಡಿದ್ದದ್ದು, ಯಾವುದೂ ಮಂಚಕ್ಕೆ ಆಗದು ಎಂದೂ ಅವನು ಬರೆದಿದ್ದಾನೆ. ಅಂಗಡಿಯಲ್ಲಿ ಮಂಚದ ತಲೆಹಲಗೆಯನ್ನು ಇವರು ಬೆರಳ ಗೆಣ್ಣಿನಿಂದ ಕುಟ್ಟಿ, "ಇದು ಯಾವ ಮರ?" ಎಂದು ಕೇಳಿದರೆ ಹುಡುಗ, "ಎಂಜಿನಿಯರ್ಡ್ ವುಡ್ ಸರ್" ಎಂದ. ಒತ್ತಿದ ಮರದ ಪುಡಿ. ಅದರಲ್ಲಿ ಹಕ್ಕಿ ಗೂಡು ಇತ್ತೋ ಇಲ್ಲವೋ ವರಾಹಮಿಹಿರನೂ ಹೇಳಲಾರ.

ಮಂಚ ಬೇಡ, ಹಾಸಿಗೆ ಮಾತ್ರ ಎಂದಾಯಿತು. ಆಗ ಹುಡುಗ ತನ್ನ ಶಾಸ್ತ್ರ ತೆಗೆದ. ನಾರು, ಫೋಮು, ಸ್ಪ್ರಿಂಗು, ಲೇಟೆಕ್ಸು, ಮೆಮೊರಿ ಫೋಮು. ನಮ್ಮ ಕಡೆಯ ಮಧ್ಯಮ ವರ್ಗಕ್ಕೆ ಬಹುಕಾಲ ಹಾಸಿಗೆಯೆಂದರೆ ನಾರು. ಮಣಿಪಾಲದವರ ಕರ್ಲಾನ್ ಶುರುವಾದದ್ದು 1962ರಲ್ಲಿ, ಆಲಪ್ಪುಳದ ಡ್ಯೂರೋಫ್ಲೆಕ್ಸ್ ಮರುವರ್ಷ. 2023ರಲ್ಲಿ ಕರ್ಲಾನನ್ನು ಕೊಂಡದ್ದು ಸ್ಲೀಪ್‌ವೆಲ್ ತಯಾರಿಸುವ ಶೀಲಾ ಫೋಮ್. ಫೋಮು ನಾರನ್ನು ನುಂಗಿತು ಎನ್ನಿ. ಮೆಮೊರಿ ಫೋಮಿನ ಮೂಲಪುರುಷ ಚಾರ್ಲ್ಸ್ ಯೋಸ್ಟ್ ಎಂಬ ಅಮೆರಿಕದ ಎಂಜಿನಿಯರ್. 1966ರಲ್ಲಿ ನಾಸಾದ ಕೆಲಸಕ್ಕಾಗಿ, ವಿಮಾನದ ಸೀಟಿನಲ್ಲಿ ಕೂತವರಿಗೆ ಪೆಟ್ಟು ತಾಗದಿರಲಿ ಎಂದು ಮಾಡಿದ್ದು. ಮೈಯ ಬಿಸಿಗೆ ಮೆತ್ತಗಾಗಿ ಮೈಯ ಆಕಾರ ತಾಳುತ್ತದೆ. ಆ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಕೂಡ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಅದರ ಮೇಲೆ ಮಲಗುವವರಿಗೆ ನನ್ನ ನಮಸ್ಕಾರ.

ಇವರು ಬ್ಯಾಂಕಿನಿಂದ ನಿವೃತ್ತರಾದವರು. ಯಾವ ಅಂಕಿಯನ್ನೂ ತಾಳೆ ನೋಡದೆ ಬಿಡುವವರಲ್ಲ. "32 ಡೆನ್ಸಿಟಿ ಸರ್, 40 ಡೆನ್ಸಿಟಿ ಸರ್" ಎಂದು ಹುಡುಗ ಹೇಳಿದ್ದೇ ತಡ, ಅದೇನು, ಎಷ್ಟಕ್ಕೆ ಎಷ್ಟು ಎಂದು ಹಿಡಿದುಕೊಂಡರು. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮು ಎಷ್ಟು ಕಿಲೊ ತೂಗುತ್ತದೆ ಎಂಬ ಲೆಕ್ಕ. ಅದು ಹೆಚ್ಚಿದ್ದರೆ ಹಾಸಿಗೆ ಗಡುಸು ಎಂದಲ್ಲ, ಬೇಗ ಕುಸಿಯುವುದಿಲ್ಲ ಎಂದು. ಮೆತ್ತಗಿದ್ದೂ ಹೆಚ್ಚು ಡೆನ್ಸಿಟಿಯದಿರಬಹುದು, ಗಡುಸಾಗಿದ್ದೂ ಹಗುರ ಮಾಲಿರಬಹುದು. ಇವರು ಅಂಗಡಿಯ ಕರಪತ್ರದ ಹಿಂದೆಯೇ ಗುಣಾಕಾರ ಮಾಡಿದರು. 78 ಇಂಚು ಉದ್ದ, 60 ಇಂಚು ಅಗಲ, 6 ಇಂಚು ದಪ್ಪ, ಪೂರ್ತಿ 32 ಡೆನ್ಸಿಟಿ ಫೋಮು ಎಂದರೆ ಹೊದಿಕೆ ಬಿಟ್ಟು ಹದಿನಾಲ್ಕೂಮುಕ್ಕಾಲು ಕಿಲೊ ಹತ್ತಿರ ಬರಬೇಕು. 40 ಆದರೆ ಹದಿನೆಂಟಕ್ಕೂ ಮೇಲೆ. ತಲೆ ಎತ್ತಿ, "ತಕ್ಕಡಿ ಇದೆಯೇನಪ್ಪಾ?" ಎಂದರು. ಹಾಸಿಗೆ ಅಂಗಡಿಯಲ್ಲಿ ತಕ್ಕಡಿ ಕೇಳಿದ ಮೊದಲ ಗಿರಾಕಿ ಇವರೇ ಇರಬೇಕು. ಹುಡುಗ ಒಳಗೆ ಹೋಗಿ ಮಾಲೀಕರನ್ನೇ ಕರೆತಂದ. ನಾನು ದಿಂಬುಗಳ ಕಡೆ ತಿರುಗಿ ನಿಂತೆ. ನಾಚಿಕೆಯಾದರೂ ಒಪ್ಪಬೇಕು: ಫೋಮಿನ ಹಾಸಿಗೆಯಲ್ಲಿ ಮೋಸವಿದೆಯೋ ಇಲ್ಲವೋ ಅಳೆಯಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಎಂಟು ಇಂಚು, ಹತ್ತು ಇಂಚು ಎಂದು ದಪ್ಪಕ್ಕೆ ದುಡ್ಡು ಸುರಿಯುವುದಕ್ಕಿಂತ ಆರು ಇಂಚಿನ ಒಳ್ಳೆಯ ಫೋಮು ಮೇಲು ಎಂಬುದೂ ಆ ಕರಪತ್ರದ ಹಿಂಬದಿಯಲ್ಲೇ ತೀರ್ಮಾನವಾಯಿತು.

ಇನ್ನು ಆರ್ಥೋಪೆಡಿಕ್. ಅಂಗಡಿಯ ಅರ್ಧ ಹಾಸಿಗೆಗಳ ಮೇಲೆ ಆ ಹೆಸರಿತ್ತು. ಮೂಳೆ ಡಾಕ್ಟರರು ಯಾರೂ ಬಂದು ಮುದ್ರೆ ಒತ್ತಿ ಹೋದದ್ದಲ್ಲ ಅದು. ಗಡುಸಾಗಿದ್ದಷ್ಟೂ ಬೆನ್ನಿಗೆ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಸೊಂಟ ಹಿಡಿಯಿತೆಂದರೆ ಹಲಗೆಯ ಮೇಲೆ ಮಲಗು ಎನ್ನದ ಹಿರಿಯರಿಲ್ಲ. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಸ್ಪೇನ್ ದೇಶದ ಪರೀಕ್ಷೆ ಬೇರೆ ಮಾತು ಹೇಳಿತು. ಬಹುಕಾಲದ ಸೊಂಟನೋವಿನ 313 ಜನರಲ್ಲಿ ಕೆಲವರಿಗೆ ಗಡುಸು ಹಾಸಿಗೆ, ಕೆಲವರಿಗೆ ಮಧ್ಯಮ ಗಡುಸಿನದು ಕೊಟ್ಟು 90 ದಿನ ನೋಡಿದರೆ, ಮಧ್ಯಮದ ಮೇಲೆ ಮಲಗಿದವರೇ ಹೆಚ್ಚು ಗುಣ ಕಂಡಿದ್ದರು. ನಾನಿದನ್ನು ಓದಿ ಹೇಳಿದಾಗ ಅತ್ತೆ, "ಭೀಷ್ಮರು ಬಾಣದ ಮೇಲೇ ಮಲಗಿರಲಿಲ್ವೇನೇ?" ಎಂದರು. ಮಲಗಿದ್ದರು ನಿಜ. ಕೌರವರು ತಂದ ಮೆತ್ತನೆಯ ದಿಂಬುಗಳನ್ನೆಲ್ಲ ಬೇಡವೆಂದು ಅರ್ಜುನನ ಕೈಯಲ್ಲಿ ಬಾಣದ ದಿಂಬನ್ನೇ ಹಾಕಿಸಿಕೊಂಡರು. ಆದರೆ ಅವರು ಉತ್ತರಾಯಣಕ್ಕೆ ಕಾಯುತ್ತಿದ್ದವರು. ನಾವು ಬೆಳಿಗ್ಗೆ ಎದ್ದು ಹಾಲು ಕಾಯಿಸಬೇಕಾದವರು.

ಅತ್ತೆಯನ್ನೂ ಒಮ್ಮೆ ಕೂರಿಸಿ ನೋಡೋಣ ಎಂದು ಹುಡುಗನೇ ಕೈಹಿಡಿದು ಕರೆತಂದ. ಪೆಟ್ಟಿಗೆ ಮಂಚದ ಮೇಲೆ ಹತ್ತು ಇಂಚಿನ ಹಾಸಿಗೆ. ಅತ್ತೆ ಅದರ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕಲಿಲ್ಲ. ಅಂಚು ಒತ್ತಿಕೊಂಡು ಜಾರುವ ಹಾಗಾಯಿತು. "ರಾತ್ರಿ ಎದ್ದು ಬಚ್ಚಲಿಗೆ ಹೋಗಬೇಕಾದರೆ ಏಣಿ ಹಾಕ್ತೀರಾ?" ಎಂದರು. ಮುದುಕರ ಹಾಸಿಗೆಗೆ ಮೆತ್ತಗೋ ಗಡುಸೋ ಆಮೇಲಿನ ಮಾತು. ಕೂತಾಗ ಎರಡೂ ಪಾದ ನೆಲದ ಮೇಲೆ ಪೂರ್ತಿ ಊರಬೇಕು, ಕೈಯೂರಿದರೆ ಅಂಚು ಕುಸಿಯಬಾರದು. ಇದನ್ನು ಯಾವ ಕರಪತ್ರದಲ್ಲೂ ನಾನು ಕಾಣಲಿಲ್ಲ, ಅತ್ತೆಯ ತೂಗಾಡುವ ಕಾಲಿನಲ್ಲಿ ಕಂಡೆ.

ಕೊನೆಗೆ ನಮ್ಮ ಕೋಣೆಗೆ ಮೊಬೈಲಿನಲ್ಲೇ ಬುಕ್ ಮಾಡಿದ್ದಾಯಿತು. ಅಮೆರಿಕದಲ್ಲಿರುವ ಮಗಳು, "ಅಮ್ಮಾ, ನೂರು ರಾತ್ರಿ ಮಲಗಿ ನೋಡಿ ಬೇಡದಿದ್ದರೆ ವಾಪಸ್ ತಗೋತಾರೆ, ಸುಮ್ನೆ ಅಂಗಡಿ ಸುತ್ತಬೇಡಿ" ಎಂದು ಗದರಿದಳು. ಮಂಚದ ಒಳ ಅಳತೆ ತೆಗೆಯಬೇಕು, ಚೌಕಟ್ಟಿನ ಹೊರಗಿನದಲ್ಲ ಎಂದು ಇವರು ಟೇಪು ಹಿಡಿದು ಮೂರು ಕಡೆ ಅಳೆದರು. ಹೇಳಿ ಮಾಡಿಸಿದ ಅಳತೆಯಾದರೆ ವಾಪಸ್ ಇಲ್ಲ, ಎಷ್ಟು ತಗ್ಗು ಬಿದ್ದರೆ ವಾರಂಟಿ ನಡೆಯುತ್ತದೆ ಎಂಬ ಚಿಕ್ಕಕ್ಷರಗಳನ್ನೂ ಭೂತಗನ್ನಡಿ ಇಟ್ಟು ಓದಿದರು. ಬೆಂಗಳೂರಿನದೇ ಕಂಪನಿ ವೇಕ್‌ಫಿಟ್ 2019ರಲ್ಲಿ ನೂರು ರಾತ್ರಿ ಒಂಬತ್ತೊಂಬತ್ತು ಗಂಟೆ ನಿದ್ದೆ ಮಾಡುವವರಿಗೆ ಲಕ್ಷ ರೂಪಾಯಿ ಕೊಡುವ ಕೆಲಸ ಹೊರಡಿಸಿತ್ತು ಎಂದು ಮಗಳು ಹೇಳಿದಾಗ ನಾನು ಇವರ ಮುಖ ನೋಡಿದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಸುಮ್ಮನೆ ಹಾಳು ಮಾಡಿಕೊಂಡರಲ್ಲ ಎನ್ನಿಸಿತು.

ಹಾಸಿಗೆ ಬಂದದ್ದು ಕಂಬದ ಹಾಗೆ ಸುರುಳಿಯಾಗಿ. ಪ್ಲಾಸ್ಟಿಕ್ ಕತ್ತರಿಸಿದ ಕೂಡಲೇ ಉಸಿರೆಳೆದುಕೊಂಡು ಉಬ್ಬಿತು. ಮಧ್ಯಮ ಗಡುಸು. ಗುಂಡಿ ಇಲ್ಲ. ಈಗ ಜಗಳವಾದರೆ ಬೆಳಿಗ್ಗೆಯೂ ಅವರವರ ಜಾಗದಲ್ಲೇ ಇರುತ್ತೇವೆ. ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರಿಗೆ ತಿಳಿಯುವುದಿಲ್ಲ ಎಂಬುದು ಅದರ ದೊಡ್ಡ ಗುಣವಂತೆ. ಇವರು ರಾತ್ರಿ ಎದ್ದು ಹೋದದ್ದೂ ತಿಳಿಯುವುದಿಲ್ಲ. ಎರಡು ಗಂಟೆಗೆ ಕೈ ಚಾಚಿ ತಡಕಾಡಿ ನೋಡಿಕೊಳ್ಳುವ ಅಭ್ಯಾಸ ನನಗೆ ಹೊಸದಾಗಿ ಬಂದಿದೆ.

ಹಳೆಯ ನಾರಿನದು ಗುಜರಿಯವನಿಗೂ ಬೇಡವಾಯಿತು. ಅದನ್ನು ಸಾಗಿಸಲು ನಾವೇ ದುಡ್ಡು ಕೊಟ್ಟೆವು. ಆ ಗಲಾಟೆಯಲ್ಲಿ ಸಜ್ಜೆಯ ಮೇಲಿಂದ ಇಳಿದದ್ದು, ಮದುವೆಯಲ್ಲಿ ಅವ್ವ ಕೊಟ್ಟು ಕಳಿಸಿದ ಗಾದಿ. ಪಿಂಜಾರ ಕಾಕಾ ಹೊಲಿದದ್ದು. ಹೊರಗಿನ ಬಟ್ಟೆ ಜಾಳಾಗಿತ್ತು, ಒಳಗೆ ಹಲಗೆಗಟ್ಟಿತ್ತು. ಆಟೋದಲ್ಲಿ ಹಾಕಿಕೊಂಡು ಹೋಗಿ ನಮ್ಮ ಬಡಾವಣೆಯ ಆಚೆ ಮಷೀನು ಇಟ್ಟುಕೊಂಡು ಹತ್ತಿ ಹಿಂಜುವ ಬಿಹಾರದ ಹುಡುಗನ ಮುಂದೆ ಇಳಿಸಿದೆ. ಅವನು ಮೂಲೆ ಬಿಚ್ಚಿ ಒಂದು ಹಿಡಿ ಎಳೆದು, ಬೆರಳಲ್ಲಿ ಹೊಸೆದು, "ಯೇ ತೋ ಅಸಲೀ ಮಾಲ್ ಹೈ, ಆಂಟೀ" ಎಂದ. ಹಾವೇರಿ ಎಲ್ಲಿದೆ ಎಂದು ಅವನಿಗೆ ಹೇಳುವಷ್ಟು ಹಿಂದಿ ನನಗೆ ಬರುವುದಿಲ್ಲ. ಮಷೀನು ಐದೇ ನಿಮಿಷದಲ್ಲಿ ಗರಗರ ತಿರುಗಿ ಎಲ್ಲವನ್ನೂ ಹೂವು ಮಾಡಿ ಉಗುಳಿತು. ಚಹಾ ಕೊಡಲಿಕ್ಕೂ ತಕರಾರು ತೆಗೆಯಲಿಕ್ಕೂ ಪುರಸತ್ತು ಸಿಗಲಿಲ್ಲ. ಬೀಟೆ ಮಂಚದ ಅಳತೆಗೆ, ಆಯದ ಅರ್ಧ ಇಂಚೂ ಸೇರಿಸಿ, ನಾಲ್ಕು ಇಂಚಿನ ಗಾದಿ ಹೊಲಿಸಿದೆ. ಅತ್ತೆ ಕೂತು ನೋಡಿದರು. ಪಾದ ನೆಲಕ್ಕೆ ಊರಿತು.

ಮೊನ್ನೆ ಹಾಸಿಗೆ ಕಂಪನಿಯಿಂದ ಫೋನು ಬಂತು, ಗ್ರಾಹಕರ ಅಭಿಪ್ರಾಯ ಕೇಳಲು. ನನ್ನ ಕೈ ಹಿಟ್ಟಾಗಿದ್ದರಿಂದ ಅತ್ತೆಯೇ ತೆಗೆದುಕೊಂಡು ಸ್ಪೀಕರ್ ಒತ್ತಿದರು.

"ನಮ್ಮ ಹಾಸಿಗೆ ಹೇಗಿದೆ ಮೇಡಂ?"

"ಬಹಳ ಚೆನ್ನಾಗಿದೆಯಪ್ಪಾ. ನಮ್ಮ ಬೀಗರು ಕೊಟ್ಟಿದ್ದು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ತಗ್ಗು ಏನಾದ್ರೂ ಬಿದ್ದಿದೆಯಾ ಮೇಡಂ?"

"ಮೂವತ್ತು ವರ್ಷ ಆಯ್ತು, ಈಗ ತಾನೇ ಹಿಂಜಿಸಿದ್ದಾಳೆ ನಮ್ಮ ಸೊಸೆ. ಏನೂ ತಗ್ಗಿಲ್ಲ."

"ಓಕೆ ಮೇಡಂ. ಹತ್ತಕ್ಕೆ ಎಷ್ಟು ಅಂತೀರಿ?"

"ಹತ್ತಕ್ಕೆಲ್ಲಿ ಬಂತು? ನಾನು ಒಂಬತ್ತಕ್ಕೇ ಮಲಗಿಬಿಡ್ತೀನಪ್ಪಾ."

"ಥ್ಯಾಂಕ್ಯೂ ಮೇಡಂ," ಎಂದು ಹುಡುಗ ಒಂಬತ್ತು ಅಂಕ ಬರೆದುಕೊಂಡ.